ಓಟರ್ ಕಾರ್ಡ್ ಕೈಯಲ್ಲಿದೆ, ಲಿಸ್ಟಲ್ಲಿ ಹೆಸರಿಲ್ಲ. ಹಾಗಾದ್ರೆ ಕಾರ್ಡ್ ಯಾತಕ್ಕೆ?

ಹೊಸಕೋಟೆ_ಹುಡುಗ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೊರೀತಿರೋ ವಿಷಯ ಇದು.

ಕಳೆದ ಲೋಕಸಭಾ ಚುನಾವಣೆ, 2024ರ ಏಪ್ರಿಲ್ 26. ನಮ್ಮಮ್ಮ ಬೆಳಗ್ಗೆ ಏಳಕ್ಕೆಲ್ಲ ಇಸ್ತ್ರಿ ಸೀರೆ ಉಟ್ಕೊಂಡು ಶಾಲೆ ಹತ್ರ ಹೋದ್ರು. ಕೈಯಲ್ಲಿ ಹಳೇ ಓಟರ್ ಕಾರ್ಡು, ಕಪ್ಪು-ಬಿಳುಪು ಫೋಟೋ, ಲ್ಯಾಮಿನೇಷನ್ ಅಂಚು ಬಿಟ್ಟಿದೆ. ಅರ್ಧ ಗಂಟೆ ಕ್ಯೂ. ಒಳಗೆ ಕೂತಿದ್ದ ಮೇಡಂ ಲಿಸ್ಟ್ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಇಳಿಸಿ ನೋಡಿದ್ರಂತೆ. ಎರಡು ಸಲ. ‘ನಿಮ್ಮ ಹೆಸರಿಲ್ಲಮ್ಮ.’ ಅಮ್ಮ ಕಾರ್ಡ್ ತೋರಿಸಿದ್ದಾರೆ. ‘ಕಾರ್ಡ್ ಇದ್ರೂ ಆಗಲ್ಲ.’ ಹಿಂದೆ ನಿಂತಿದ್ದ ಪಕ್ಕದ ಬೀದಿಯವರೆಲ್ಲ ನೋಡ್ತಿದ್ರು, ಅಮ್ಮನಿಗೆ ಅದೇ ದೊಡ್ಡ ಅವಮಾನ ಆಗಿದ್ದು. ಮನೆಗೆ ಬಂದು ಕಾರ್ಡನ್ನ ದೇವರಮನೆ ಡಬ್ಬಿಗೆ ಹಾಕಿ ಮುಚ್ಚಿದ್ರು. ಆಮೇಲೆ ನಾವೂ ಮರೆತ್ವಿ, ನಿಜ ಹೇಳ್ಬೇಕು.

ಈಗ ಟಿವಿಯಲ್ಲಿ ದಿನಾ ಎಸ್‌ಐಆರ್, ಎಸ್‌ಐಆರ್ ಅಂತ ಬರ್ತಿದೆ. ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಂತೆ, ಅದರಲ್ಲಿ ಪೌರತ್ವಕ್ಕೆ ದಾಖಲೆ ಕೊಡ್ಬೇಕು ಅಂತಾರೆ. ಅಮ್ಮ ಹುಟ್ಟಿದ್ದು 1964ರಲ್ಲಿ, ಮಾಲೂರು ಹತ್ರ ಒಂದು ಹಳ್ಳಿಯಲ್ಲಿ, ಮನೆಯಲ್ಲೇ. ಜನನ ಪ್ರಮಾಣಪತ್ರ ಇಲ್ಲ, ಓದಿದ್ದು ಏಳನೇ ಕ್ಲಾಸು. ಅವರು ಭಾರತದವರು ಅನ್ನೋದಕ್ಕೆ ಏನು ತೋರಿಸ್ಲಿ? ಓಟರ್ ಕಾರ್ಡೇ ಸಾಲಲ್ಲ ಅಂದ್ಮೇಲೆ ಇನ್ನೇನು ಸಾಲುತ್ತೆ?

ಶಿರಸಿ_ಮೇಷ್ಟ್ರು:

ತಮ್ಮಾ, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮತಗಟ್ಟೆ ಅಧಿಕಾರಿಯಾಗಿ, ಮತಗಟ್ಟೆಯ ಮುಖ್ಯಸ್ಥ ಅಂದರೆ ಪಿಆರ್‌ಓ ಆಗಿ, ಕೊನೆಗೆ ಮನೆಮನೆಗೆ ಹೋಗಿ ಪಟ್ಟಿ ನೋಡಿಕೊಳ್ಳುವ ಬಿಎಲ್‌ಓ ಆಗಿಯೂ ದುಡಿದವನು. ಮಸ್ಟರಿಂಗ್ ಕೇಂದ್ರದ ಉಪ್ಪಿಟ್ಟು ಎಷ್ಟು ತಿಂದಿದ್ದೇನೋ ಲೆಕ್ಕವಿಲ್ಲ.

ಮೊದಲು ಒಂದು ಮಾತು ಬಿಡಿಸಿ ಹೇಳುತ್ತೇನೆ. ಓಟು ಹಾಕುವ ಹಕ್ಕು ಬರುವುದು ಪಟ್ಟಿಯಲ್ಲಿರುವ ಹೆಸರಿನಿಂದ. ಕಾರ್ಡು ‘ಆ ಹೆಸರಿನವಳು ನಾನೇ’ ಎಂದು ತೋರಿಸುವುದಕ್ಕೆ ಮಾತ್ರ. ಆಗಿನ ಮುಖ್ಯ ಚುನಾವಣಾ ಆಯುಕ್ತ ಶೇಷನ್ ಅವರು 1993ರಲ್ಲಿ ಫೋಟೋ ಗುರುತಿನ ಚೀಟಿ ತರಲು ಹೊರಟದ್ದು ಒಬ್ಬರ ಹೆಸರಲ್ಲಿ ಇನ್ನೊಬ್ಬರು ಒತ್ತಿ ಹೋಗುವುದನ್ನು ತಪ್ಪಿಸಲು. ಹಾಗಾಗಿ ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಮನೆಯಲ್ಲಿ ಮರೆತು ಬಂದರೆ ದಾರಿ ಉಂಟು. 2024ರಲ್ಲಿ ಕಾರ್ಡಿಗೆ ಬದಲಾಗಿ 12 ದಾಖಲೆ ಒಪ್ಪುತ್ತಿದ್ದರು: ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಪೋಸ್ಟಾಫೀಸ್ ಪಾಸ್‌ಬುಕ್, ಡಿಎಲ್, ಪ್ಯಾನ್, ಪಾಸ್‌ಪೋರ್ಟ್, ಪಿಂಚಣಿ ಕಾಗದ, ಹೀಗೆ. ಕಾರ್ಡಿದ್ದು ಹೆಸರಿಲ್ಲದಿದ್ದರೆ ಮಾತ್ರ ಪಿಆರ್‌ಓ ಕೈಯಲ್ಲಿ ಏನೂ ಇಲ್ಲ. ಆ ಮೇಡಂ ಮಾಡಿದ್ದು ಸರಿಯೇ. ಮಾತು ಸ್ವಲ್ಪ ಮೆತ್ತಗಿರಬಹುದಿತ್ತು.

ಅಂದಹಾಗೆ, ಮನೆಗೆ ಬರುವ ಮತದಾರರ ಚೀಟಿಯೂ ಗುರುತಿನ ದಾಖಲೆಯಲ್ಲ. 2019ರಿಂದ ಅದೊಂದನ್ನೇ ತೋರಿಸಿದರೆ ನಡೆಯುವುದಿಲ್ಲ. ಎಷ್ಟೋ ಜನ ಅದನ್ನಷ್ಟೇ ಹಿಡಿದುಕೊಂಡು ಬರುತ್ತಾರೆ.

ಈಗ ನಿಮ್ಮ ಕೆಲಸ. ಆ ವರ್ಷದ ಪಟ್ಟಿಯ ಕೊನೆಯಲ್ಲಿ ತೆಗೆದುಹಾಕಿದ ಹೆಸರುಗಳ ಪುಟ ಇರುತ್ತದೆ. ಪ್ರತಿ ಹೆಸರಿನ ಮುಂದೆ ಒಂದು ಇಂಗ್ಲಿಷ್ ಅಕ್ಷರ. ‘ಇ’ ಅಂದರೆ ತೀರಿಕೊಂಡವರು, ‘ಎಸ್’ ಅಂದರೆ ಬೇರೆ ಕಡೆ ಹೋದವರು, ‘ಆರ್’ ಅಂದರೆ ಎರಡು ಕಡೆ ಇದ್ದ ಹೆಸರು. ನಿಮ್ಮ ತಾಯಿಯ ಹೆಸರಿನ ಮುಂದೆ ಏನಿದೆ ನೋಡಿ ಹೇಳಿ.

ಮಲ್ನಾಡ್_ಕಾಫಿ:

ಮೇಷ್ಟ್ರೇ, ಎಲ್ಲ ಸರಿ. ಆದ್ರೆ ಹೆಸರು ಸೇರಿಸುವಾಗ ಅವರು ಈ ದೇಶದವರಾ ಅಂತ ಯಾರು ನೋಡ್ತಾರೆ? ಫಾರಂ 6ರಲ್ಲಿ ‘ನಾನು ಭಾರತದ ಪ್ರಜೆ’ ಅಂತ ಒಂದು ಸಾಲು, ಕೆಳಗೆ ಸಹಿ. ಮುಗೀತು. ನಮ್ಮ ಕಡೆ ತೋಟಗಳಿಗೆ ಕೆಲಸಕ್ಕೆ ಬರೋರು ಅಸ್ಸಾಂನವರು ಅಂತಾರೆ, ಆಧಾರ್ ತೋರಿಸ್ತಾರೆ. ಇರಬಹುದು, ನಾನು ಯಾರನ್ನೂ ದೂರ್ತಿಲ್ಲ, ಅವರಿಲ್ಲದೆ ನಮ್ಮಲ್ಲಿ ಕಾಫಿ ಕೊಯ್ಲೇ ಆಗಲ್ಲ. ಆದ್ರೆ ಸಿಮ್ ತಗೊಳ್ಳೋಕೆ ಇರೋವಷ್ಟು ಪರೀಕ್ಷೆ ದೇಶದ ಸರ್ಕಾರ ಆರಿಸೋಕೆ ಬೇಡ್ವಾ?

ಧಾರವಾಡ_ವಕೀಲೆ:

ಮಲ್ನಾಡ್ ಅವರ ಪ್ರಶ್ನೆ ತಪ್ಪಲ್ಲ. ಕಾನೂನಲ್ಲೇ ಇದೆ. ಸಂವಿಧಾನದ 326ನೇ ವಿಧಿ ಮತ ಕೊಟ್ಟಿರೋದು ಭಾರತದ ಪ್ರಜೆಗೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ 16ನೇ ಕಲಂ ಪ್ರಜೆಯಲ್ಲದವರ ಹೆಸರು ಪಟ್ಟಿಗೆ ಸೇರಬಾರದು ಅಂತದ, 19ನೇ ಕಲಂ ವಯಸ್ಸು ಮತ್ತ ವಾಸಸ್ಥಳದ ಮಾತಾಡ್ತದ. ಸುಳ್ಳು ಘೋಷಣೆ ಮಾಡಿದ್ರ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು ಆಗಬಹುದು. ಹಂಗಾಗಿ ಆ ‘ಒಂದು ಸಾಲು, ಒಂದು ಸಹಿ’ ಹಗುರಾದ ಸಹಿ ಅಲ್ಲ.

ಆಧಾರ್ ಬಗ್ಗೆ: ಅದು ಪೌರತ್ವದ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯ 9ನೇ ಕಲಮ್ಮೇ ಹೇಳ್ತದ. 182 ದಿನ ಇಲ್ಲಿ ವಾಸ ಇದ್ದವರಿಗೆ ಅದು ಸಿಗ್ತದ. ಅದಕ್ಕೇ ಬಿಹಾರದ ಎಸ್‌ಐಆರ್ ಪ್ರಕರಣದಾಗ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 8ರಂದು, ಆ ಪರಿಷ್ಕರಣೆಗೆ ಕೇಳೋ ದಾಖಲೆಗಳಾಗ ಆಧಾರ್ ಅನ್ನ 12ನೇದಾಗಿ ಒಪ್ಕೊಳ್ಳಿ ಅಂದಾಗ, ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ ಅಂತ ಒತ್ತಿ ಹೇಳ್ತು.

ಆದ್ರ ನಾ ಕೇಳೋ ಪ್ರಶ್ನೆ ಬ್ಯಾರೆ. ತೋರಿಸಬೇಕಾದವರು ಯಾರು? ಒಬ್ಬರ ಹೆಸರು ಪಟ್ಟಿಯಲ್ಲಿ ಮೂವತ್ತು ವರ್ಷದಿಂದ ಅದ. ಈಗ ಅವರು ‘ನಾ ಪ್ರಜೆ ಹೌದು’ ಅಂತ ಮತ್ತೊಮ್ಮೆ ಸಾಧಿಸಬೇಕೋ, ಅಲ್ಲ ಅನ್ನೋವ್ರು ‘ಅಲ್ಲ’ ಅಂತ ಸಾಧಿಸಬೇಕೋ? 1995ರಾಗ ಲಾಲ್ ಬಾಬು ಹುಸೇನ್ ಪ್ರಕರಣದಾಗ ಇದೇ ಬಂದಿತ್ತು. ದಿಲ್ಲಿ, ಮುಂಬೈಯ ಕೆಲವು ಬಡಾವಣೆಗಳಾಗ ಜನರಿಗೆ ನೋಟಿಸ್ ಕೊಟ್ಟು ಪೌರತ್ವದ ಕಾಗದ ಕೇಳಿದ್ರು. ಇಂಥ ಕೆಲವೇ ದಾಖಲೆ ನಡೀತದ, ಉಳಿದದ್ದು ಬ್ಯಾಡ ಅಂದ್ರು. ಕೋರ್ಟ್ ಒಪ್ಪಲಿಲ್ಲ. ಹಿಂದಿನ ಪಟ್ಟಿಯಲ್ಲಿ ಹೆಸರಿದ್ರ ಅದಕ್ಕೂ ಒಂದು ತೂಕ ಅದ, ಆಗ ಎಲ್ಲಾ ನೋಡೇ ಸೇರಿಸಿರ್ತಾರ ಅಂತ ತಿಳೀಬೇಕು, ಅವರು ಏನೇ ದಾಖಲೆ ಕೊಟ್ರೂ ಪರಿಶೀಲಿಸಬೇಕು ಅಂತು.

ಮಲ್ನಾಡ್_ಕಾಫಿ:

ಮೇಡಂ, ಸೇರಿಸೋದು ಸುಲಭ, ತೆಗೆಯೋದು ಕಷ್ಟ ಅಂತಿಟ್ರೆ ಪಟ್ಟಿ ಊದ್ತಾನೇ ಹೋಗುತ್ತಲ್ವಾ? ನಮ್ಮ ಬೂತಲ್ಲಿ ತೀರಿಕೊಂಡು ಹತ್ತು ವರ್ಷ ಆದೋರ ಹೆಸರು ಇನ್ನೂ ಇದೆ. ನಮ್ಮ ಚಿಕ್ಕಪ್ಪನದ್ದೇ ಇದೆ.

ಕಲಬುರಗಿ_ಮಂದಿ:

ತೆಗಿಯೋದು ಕಷ್ಟ ಅಂತ ಯಾರ್ ಹೇಳ್ಯಾರ್ರಿ ನಿಮಗ?

ನಮ್ ಆಳಂದ ಕತಿ ಕೇಳಿಲ್ಲೇನು. 2023ರ ವಿಧಾನಸಭಾ ಚುನಾವಣಿ ಮುಂಚೆ ಹೆಸರು ತೆಗೀರಿ ಅಂತ ಆನ್‌ಲೈನ್‌ನಾಗ 6,018 ಫಾರಂ 7 ಬಂದಿದ್ದು. ಅಧಿಕಾರಿಗಳು ಮನಿ ಮನಿಗಿ ಹೋಗಿ ನೋಡಿದ್ರ ಅದರಾಗ ಖರೇ ಇದ್ದಿದ್ದು ಬರೇ 24. ಉಳಿದ ಮಂದಿ ಎಲ್ಲಾ ಊರಾಗೇ ಇದ್ರು, ಅವರ ಹೆಸರಿಲೆ ಯಾರೋ ಅರ್ಜಿ ಹಾಕಿದ್ರು. ಪುಣ್ಯಾಕ್ಕ ಗೊತ್ತಾತು, ತೆಗೀಲಿಲ್ಲ, ಎಫ್‌ಐಆರ್ ಆತು. ಯಾರೂ ನೋಡಿರ್ಲಿಲ್ಲ ಅಂದ್ರ?

ಇನ್ನೊಂದು. ನಮ್ ಕಡಿ ಸುಗ್ಗಿ ಮುಗದ ಮ್ಯಾಲ ಅರ್ಧ ತಾಂಡಾ ಗುಳೆ ಹೋಗ್ತದ. ಪುಣೆ, ಮುಂಬೈ, ಬೆಂಗಳೂರು. ಸಾಹೇಬ್ರು ಮನಿಗಿ ಬಂದಾಗ ಬಾಗಿಲಿಗಿ ಕೀಲಿ. ಮನ್ಯಾಗ ಇದ್ದ ಮುದುಕಿಗಿ ಕೇಳಿದ್ರ ‘ಇಲ್ರೀ, ದುಡಿಲಾಕ ಹೋಗ್ಯಾರ’ ಅಂತಾಳ. ಬರಕೊಂಡು ಹೋಗ್ತಾರ: ಊರು ಬಿಟ್ಟಾರ.

ಹುಟ್ಟಿದ ತಾರೀಕಿನ ದಾಖಲಿ ಕೇಳ್ತೀರಲ್ಲ, ನಮ್ಮೂರಾಗ ಅರ್ಧ ಮಂದಿ ಜೂನ್ 1ಕ್ಕ ಹುಟ್ಟ್ಯಾರ! ಸಾಲಿಗಿ ಹಾಕುವಾಗ ಮಾಸ್ತರ್ರು ಬರದಿದ್ದು. ನಂದೂ ಜೂನ್ 1, ನಮ್ಮ ತಮ್ಮಂದೂ ಜೂನ್ 1. ನಡುವ ಹನ್ನೊಂದೇ ತಿಂಗಳ ಫರಕ್ ಅಂತ ನಮ್ಮವ್ವ ಅಂತಾಳ, ಸಾಲ್ಯಾಗ ಎರಡ್ ವರ್ಷ ಅದ. 😀

ಶಿರಸಿ_ಮೇಷ್ಟ್ರು:

ಜೂನ್ ಒಂದು ನಾನೂ ಬಹಳ ಜನರಿಗೆ ಬರೆದಿದ್ದೇನೆ. ಕ್ಷಮಿಸಿ.

ಮಲ್ನಾಡ್ ಅವರೇ, ಮತಗಟ್ಟೆಯ ಒಂದು ಪ್ರಸಂಗ ಹೇಳುತ್ತೇನೆ. ಒಮ್ಮೆ ನಾನು ಪಿಆರ್‌ಓ. ಪಕ್ಷದ ಏಜೆಂಟ್ ಒಬ್ಬ ಎದ್ದು ನಿಂತು, ‘ಈ ಹೆಂಗಸು ಇಲ್ಲಿಯವಳಲ್ಲ, ಭಾಷೆಯೇ ಬೇರೆ, ಓಟು ಹಾಕಲು ಬಿಡಬೇಡಿ’ ಎಂದ. ನಿಯಮ 49ಜೆ ಪ್ರಕಾರ ಆಕ್ಷೇಪಿಸಬೇಕಾದರೆ ಎರಡು ರೂಪಾಯಿ ನಗದು ಕಟ್ಟಬೇಕು. ಕಟ್ಟಿದ. ನಾನು ಫಾರಂ 14ರಲ್ಲಿ ಬರೆದುಕೊಂಡೆ. ಆಮೇಲೆ ನಾನು ವಿಚಾರಿಸಬೇಕಾದದ್ದು ಒಂದೇ: ಪಟ್ಟಿಯ ಈ ಕ್ರಮಸಂಖ್ಯೆಯಲ್ಲಿರುವವಳು ಈಕೆಯೇ ಹೌದೋ ಅಲ್ಲವೋ. ‘ಈಕೆ ಭಾರತದವಳೇ?’ ಎಂದು ಕೇಳುವ ಅಧಿಕಾರ ನನಗಿಲ್ಲ. ಅದು ಪಟ್ಟಿ ಮಾಡುವಾಗಲೇ ಮುಗಿದ ಪ್ರಶ್ನೆ. ಹದಿನೆಂಟು ತುಂಬಿಲ್ಲವೇನೋ ಎಂದು ಕಂಡರೂ ವಯಸ್ಸಿನ ಬಗ್ಗೆ ಘೋಷಣೆ ಬರೆಸಿಕೊಂಡು ಬಿಡಬೇಕು, ತಡೆಯುವಂತಿಲ್ಲ.

ಊರಿನ ಅಂಗನವಾಡಿ ಟೀಚರ್ ಬಂದು ‘ಇವಳು ನಮ್ಮ ಕೇರಿಯ ಸೊಸೆ, ತವರು ಗೋವಾದ ಕಡೆ, ಕೊಂಕಣಿ ಮಾತಾಡುತ್ತಾಳೆ’ ಎಂದರು. ಏಜೆಂಟನ ಎರಡು ರೂಪಾಯಿ ಸರ್ಕಾರಕ್ಕೆ ಹೋಯಿತು. ಆಕೆ ಓಟು ಹಾಕಿ ಹೊರಗೆ ಬರುವಾಗ ಅವನ ಮುಂದೆ ಶಾಯಿ ಬೆರಳು ಎತ್ತಿ ತೋರಿಸಿ ಹೋದಳು.

ಮೈಸೂರು_ಮಲ್ಲಿಗೆ_ಪ್ರಿಯ:

ಶಾಯಿ ಅಂದ್ರಲ್ಲ, ಅದು ನಮ್ಮೂರಿಂದು! 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಅರಗು-ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಇಲ್ಲಿಂದಲೇ ಹೋಗ್ತಿದೆ. 2024ಕ್ಕೆ 26 ಲಕ್ಷಕ್ಕೂ ಹೆಚ್ಚು ಸೀಸೆ ಕಳಿಸಿದ್ರು. ಫೋಟೋ ಕಾರ್ಡ್ ಬರೋಕೆ ಮೂವತ್ತು ವರ್ಷ ಮುಂಚೆಯೇ ಎರಡನೇ ಸಲ ಓಟು ಹಾಕೋರನ್ನ ತಡೆದಿದ್ದು ಈ ಬೆಳ್ಳಿ ನೈಟ್ರೇಟ್ ಕಲೆ. ವಿಷಯ ಬಿಟ್ಟು ಹೋದೆ, ಮುಂದುವರಿಸಿ.

ಲೀಡ್ಸ್_ಲಿಂಗರಾಜು:

ನಗಬೇಡಿ, ನಾನು ಭಾರತದ ಪಾಸ್‌ಪೋರ್ಟ್ ತೋರಿಸಿ ಬ್ರಿಟನ್ನಿನ ಪಾರ್ಲಿಮೆಂಟಿಗೆ ಓಟು ಹಾಕಿದೀನಿ.

ಸುಳ್ಳಲ್ಲ. ಇಲ್ಲಿ ಕಾಮನ್‌ವೆಲ್ತ್ ದೇಶದವರು ಕಾನೂನುಬದ್ಧವಾಗಿ ವಾಸ ಇದ್ರೆ ರಾಷ್ಟ್ರೀಯ ಚುನಾವಣೆಯಲ್ಲೂ ಮತದಾರರಾಗಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ. ಓದೋಕೆ ಬಂದ ನಮ್ಮ ಹುಡುಗರಿಗೆ ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ. 2024ರ ಜುಲೈ 4, ಗುರುವಾರ. ನಮ್ಮ ರಸ್ತೆ ಕೊನೆಯ ಚರ್ಚ್ ಹಾಲಲ್ಲಿ ಬೂತು. ಪೊಲೀಸ್ ಇಲ್ಲ, ಕ್ಯೂ ಇಲ್ಲ, ಹೊರಗೆ ಯಾರೋ ನಾಯಿ ಕಟ್ಟಿ ಹೋಗಿದ್ರು. ಒಳಗೆ ಅಜ್ಜಿ ಒಬ್ರು ನನ್ನ ಪಾಸ್‌ಪೋರ್ಟ್ ಫೋಟೋ ನೋಡಿ ಮುಖ ನೋಡಿ ಮತಪತ್ರ ಹರಿದು ಕೊಟ್ರು. ಗುರುತು ಹಾಕೋದು ದಾರ ಕಟ್ಟಿದ ಪೆನ್ಸಿಲಲ್ಲಿ. ಪೆನ್ಸಿಲಲ್ಲಿ! ನಮ್ಮೂರಲ್ಲಿ ಹಂಗೆ ಮಾಡಿದ್ರೆ ಸಂಜೆ ಹೊತ್ತಿಗೆ ಹೊಡೆದಾಟ.

ತಮಾಷೆ ಏನಂದ್ರೆ, ಪೌರತ್ವದ ವಿಷಯದಲ್ಲಿ ಇಷ್ಟು ಧಾರಾಳ ಇರೋ ದೇಶದಲ್ಲಿ ಫೋಟೋ ಐಡಿ ಬಗ್ಗೆ ದೊಡ್ಡ ಜಗಳ ಆಯ್ತು. ಉತ್ತರ ಐರ್ಲೆಂಡ್ ಬಿಟ್ರೆ ಉಳಿದ ಕಡೆ ಹೆಸರು ವಿಳಾಸ ಹೇಳಿದ್ರೆ ಮತಪತ್ರ ಸಿಗ್ತಿತ್ತಂತೆ. 2022ರ ಕಾಯ್ದೆ ಬಂದ್ಮೇಲೆ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಇಂಗ್ಲೆಂಡಲ್ಲಿ ಐಡಿ ಕಡ್ಡಾಯ ಮಾಡಿದ್ರು. ಸುಮಾರು 14,000 ಜನ ಬೂತಿಗೆ ಬಂದು, ಐಡಿ ಇಲ್ಲದೆ, ಓಟು ಹಾಕದೆ ವಾಪಸ್ ಹೋದ್ರು ಅಂತ ಇಲ್ಲಿನ ಚುನಾವಣಾ ಆಯೋಗವೇ ಲೆಕ್ಕ ಕೊಟ್ಟಿದೆ. ವಯಸ್ಸಾದವರ ಬಸ್ ಪಾಸ್ ನಡೆಯುತ್ತೆ, ಹುಡುಗರ ರೈಲ್ ಕಾರ್ಡ್ ನಡೆಯಲ್ಲ. ಯಾವ ಕಾಗದ ಒಪ್ಪಬೇಕು ಅನ್ನೋದ್ರಲ್ಲೇ ಯಾರಿಗೆ ಅನುಕೂಲ ಅನ್ನೋದೂ ಅಡಗಿರುತ್ತೆ ಅಂತ ಇಲ್ಲಿನ ಹುಡುಗರ ತಕರಾರು.

ಫ್ರೀಮಾಂಟ್_ರಾಯರು:

ಲಿಂಗರಾಜು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ನಮ್ಮ ಕಡೆ. ಅಮೆರಿಕದಲ್ಲಿ ಫೆಡರಲ್ ಚುನಾವಣೆಯಲ್ಲಿ ಪ್ರಜೆಯಲ್ಲದವರು ಓಟು ಹಾಕಿದರೆ ಅಪರಾಧ, 1996ರಿಂದ ಕಾನೂನಿದೆ. ಗ್ರೀನ್ ಕಾರ್ಡ್ ಇದ್ದವರೂ ಹಾಕೋ ಹಾಗಿಲ್ಲ, ಗಡೀಪಾರಿನ ತನಕ ಹೋಗಬಹುದು. ಹಾಗಾಗಿ ನಮ್ಮವರು ಡಿಎಂವಿಯಲ್ಲಿ ಲೈಸೆನ್ಸ್ ಮಾಡಿಸುವಾಗ ‘ಮತದಾರನಾಗಿ ನೋಂದಾಯಿಸಬೇಕೆ’ ಅನ್ನೋ ಚೌಕ ಬಂದರೆ ಬೆಂಕಿ ಕಂಡ ಹಾಗೆ ದೂರ ಸರೀತಾರೆ.

ಆದರೆ ಪುರಾವೆ ಏನು ಕೇಳ್ತಾರೆ? ಫೆಡರಲ್ ಫಾರಂನಲ್ಲಿ ಪ್ರಜೆ ಹೌದು ಅಂತ ಗುರುತು ಹಾಕಿ, ಸುಳ್ಳಾದರೆ ಶಿಕ್ಷೆಗೆ ಒಪ್ಪಿ ಸಹಿ ಹಾಕೋದು. ನಿಮ್ಮ ಫಾರಂ 6 ತರಹವೇ. ಲೈಸೆನ್ಸ್ ನಂಬರ್ ಅಥವಾ ಸೋಶಿಯಲ್ ಸೆಕ್ಯುರಿಟಿಯ ಕೊನೆಯ ನಾಲ್ಕು ಅಂಕಿ ಕೊಡಬೇಕು. ನಾನು ಪೌರತ್ವದ ಪ್ರಮಾಣ ತಗೊಂಡ ದಿನ ಸಭಾಂಗಣದ ಬಾಗಿಲಲ್ಲೇ ನೋಂದಣಿ ಫಾರಂ ಹಂಚ್ತಿದ್ದರು. ಕೈಯಲ್ಲಿ ಸಣ್ಣ ಬಾವುಟ, ಬಗಲಲ್ಲಿ ಫಾರಂ. ಕ್ಯಾಲಿಫೋರ್ನಿಯಾದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತೆ, ಲಕೋಟೆ ಮೇಲಿನ ಸಹಿ ತಾಳೆ ನೋಡ್ತಾರೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಬೂತಲ್ಲಿ ಐಡಿ ಬೇಕು. ಇಂಡಿಯಾನಾದ ಫೋಟೋ ಐಡಿ ಕಾನೂನನ್ನ ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿ ಹಿಡೀತು.

ಸಹಿ ಸಾಲದು, ಪೌರತ್ವದ ಕಾಗದವೇ ಬೇಕು ಅಂತ ಪಟ್ಟು ಹಿಡಿದದ್ದು ಕಾನ್ಸಸ್. 2013ರಿಂದ ಜಾರಿ ಮಾಡಿದರು. ಕಾಗದ ಕೊಡಲಿಲ್ಲ ಅಂತ ಸುಮಾರು 31,000 ಅರ್ಜಿಗಳು ತಡೆಹಿಡಿಯಲ್ಪಟ್ಟವು. 2018ರಲ್ಲಿ ಕೋರ್ಟಲ್ಲಿ ವಿಚಾರಣೆ ಆದಾಗ, ಸಿಕ್ಕಿಬಿದ್ದ ಪ್ರಜೆಯಲ್ಲದವರ ಸಂಖ್ಯೆ ಕೆಲವೇ ಹತ್ತುಗಳಲ್ಲಿ ಅಂತ ಕಂಡುಬಂತು, ತಡೆಹಿಡಿದ ಬಹುಪಾಲು ಜನ ಪ್ರಜೆಗಳೇ. ಕಾನೂನು ಬಿದ್ದುಹೋಯ್ತು, 2020ರಲ್ಲಿ ಮೇಲ್ಮನವಿಯಲ್ಲೂ. ಆದರೂ ವಾದ ಮುಗಿದಿಲ್ಲ. 2025ರ ಏಪ್ರಿಲಲ್ಲಿ ದೇಶಕ್ಕೆಲ್ಲ ಇಂಥದ್ದೇ ನಿಯಮ ತರೋ ‘ಸೇವ್’ ಮಸೂದೆಗೆ ಕೆಳಮನೆ ಒಪ್ಪಿಗೆ ಕೊಡ್ತು. ಮದುವೆಯಾಗಿ ಹೆಸರು ಬದಲಾದ ಹೆಂಗಸರ ಜನನ ಪತ್ರ ಈಗಿನ ಹೆಸರಿಗೆ ತಾಳೆ ಆಗದಿದ್ದರೆ ಏನು ಗತಿ ಅಂತ ಆಗ ಬಹಳ ಚರ್ಚೆ ಆಯ್ತು.

ನಾನಂತೂ ಕಾನ್ಸಸ್ ಕತೆ ಕೇಳಿದ ಮೇಲೆ ಮೊದಲಿನಷ್ಟು ಗಟ್ಟಿಯಾಗಿ ‘ಕಾಗದ ತೋರಿಸಲಿ’ ಅನ್ನೋದಿಲ್ಲ. ಮೊದಲು ಅಂತಿದ್ದೆ.

ಧಾರವಾಡ_ವಕೀಲೆ:

ರಾಯರ ಮಾತಿಗೆ ನಮ್ಮದೇ ಒಂದು ಹಳೇ ಕತಿ. 1951-52ರ ಮೊದಲನೇ ಚುನಾವಣಿ. ಸುಕುಮಾರ್ ಸೇನ್ ಮುಖ್ಯ ಚುನಾವಣಾ ಆಯುಕ್ತರು. ಉತ್ತರದ ಕಡೆ ಬಹಳ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಕ್ಕೇ ತಯಾರಿರಲಿಲ್ಲ. ‘ಇಂಥವರ ಹೆಂಡ್ತಿ’, ‘ಇಂಥವರ ಮಗಳು’ ಅಂತ ಬರೆಸಿದ್ರು. ಹೆಸರಿಲ್ಲದ ಮತದಾರರನ್ನ ಇಟ್ಟುಕೊಳ್ಳೋದಿಲ್ಲ ಅಂತ ಸೇನ್ ಹಟ ಹಿಡಿದ್ರು. ಸುಮಾರು 28 ಲಕ್ಷ ಹೆಣ್ಣುಮಕ್ಕಳು ಆ ಸಲ ಪಟ್ಟಿಯಿಂದ ಹೊರಗ ಉಳಿದ್ರು. ಅವರ ನಿರ್ಧಾರ ದೂರ ನೋಡಿದ್ರ ಸರಿಯೇ, ಮುಂದಿನ ಸಲ ಹೆಸರು ಹೇಳಿ ಬಂದ್ರು. ಆದ್ರ ಅವರೆಲ್ಲ ಈ ದೇಶದ ಪ್ರಜೆಗಳೇ ಆಗಿದ್ರು ಅನ್ನೋದೂ ಖರೇ.

ಅನಿವಾಸಿಗಳ ಬಗ್ಗೆಯೂ ಹೇಳಿಬಿಡ್ತೀನಿ, ಯಾರಾದ್ರೂ ಕೇಳೇ ಕೇಳ್ತಾರ. ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ಹೊರಗಿದ್ರ ಫಾರಂ 6ಎ ತುಂಬಿ ಪಾಸ್‌ಪೋರ್ಟಿನಲ್ಲಿರೋ ವಿಳಾಸದ ಕ್ಷೇತ್ರದಾಗ ಹೆಸರು ಸೇರಿಸಬಹುದು. ಕಲಂ 20ಎ, 2010ರ ತಿದ್ದುಪಡಿ. ಆದ್ರ ಖುದ್ದ ಬಂದು, ಮೂಲ ಪಾಸ್‌ಪೋರ್ಟ್ ತೋರಿಸಿ ಹಾಕಬೇಕು. 2024ರಾಗ ಸುಮಾರು 1.19 ಲಕ್ಷ ಅನಿವಾಸಿಗಳು ಪಟ್ಟಿಯಲ್ಲಿದ್ರು, ಬಂದು ಹಾಕಿದವರು ಮೂರು ಸಾವಿರಕ್ಕೂ ಕಡಿಮಿ, ಅದರಾಗೂ ಬಹಳಷ್ಟು ಕೇರಳದವರು. ರಾಯರ ಹಂಗ ಬ್ಯಾರೆ ದೇಶದ ಪೌರತ್ವ ತಗೊಂಡವರಿಗೆ ಓಸಿಐ ಕಾರ್ಡ್ ಇದ್ರೂ ಇಲ್ಲಿ ಓಟಿಲ್ಲ.

ಫ್ರೀಮಾಂಟ್_ರಾಯರು:

ಗೊತ್ತು ಮೇಡಂ. ಬಸವನಗುಡಿ ಬೂತಲ್ಲಿ ಅಪ್ಪನ ಜತೆ ಹೋಗಿ ಹೊರಗೆ ಕಾಂಪೌಂಡ್ ಹತ್ರ ನಿಂತಿದ್ದೆ. ಒಳಗೆ ಹೋಗೋ ಹಾಗಿಲ್ಲ ಅಂತ ಪೊಲೀಸಪ್ಪ ಅಂದ. ನಾನು ಮೊದಲ ಓಟು ಹಾಕಿದ್ದೂ ಅದೇ ಶಾಲೆಯಲ್ಲಿ.

ಕಾಸರಗೋಡು_ಕನ್ನಡತಿ:

ಇಲ್ಲಿ ನೀವೆಲ್ಲ ಎಸ್‌ಐಆರ್ ಬಗ್ಗೆ ಕೇಳಿ ತಿಳಿದದ್ದು ಮಾತ್ರ, ನಾವು ಅನುಭವಿಸಿ ಆಯ್ತು ಮಾರಾಯ್ರೆ. 2025ರ ಅಕ್ಟೋಬರ್ 27ಕ್ಕೆ ಘೋಷಣೆ ಮಾಡಿದ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಕೇರಳ ಉಂಟು, ಕರ್ನಾಟಕ ಆಗ ಇರಲಿಲ್ಲ.

ಬಿಎಲ್‌ಓ ಮನೆಗೆ ಬಂದು ಒಬ್ಬೊಬ್ಬರಿಗೆ ಎರಡು ಪ್ರತಿ ಫಾರಂ ಕೊಟ್ಟರು. ಮೇಲೆ ನಮ್ಮ ಈಗಿನ ವಿವರ ಮೊದಲೇ ಅಚ್ಚಾಗಿತ್ತು. ಕೆಳಗೆ ಎರಡು ಭಾಗ. ಹಿಂದಿನ ಸಲದ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ, ಅಂದರೆ ನಮ್ಮಲ್ಲಿ 2002ರದ್ದು, ನಿಮ್ಮ ಹೆಸರಿದ್ದರೆ ಎಡಗಡೆ ಬರೆಯಬೇಕು. ಇಲ್ಲದಿದ್ದರೆ ಅಪ್ಪನದ್ದೋ ಅಮ್ಮನದ್ದೋ ಬಲಗಡೆ. ಫಾರಂ ಜತೆ ದಾಖಲೆ ಕೊಡುವುದು ಬೇಡ, ತಾಳೆ ಆಗದಿದ್ದರೆ ಆಮೇಲೆ ನೋಟಿಸ್ ಬರ್ತದೆ ಅಂದರು.

ನನ್ನ ಪಂಚಾಯಿತಿಕೆ ಎಂತದು ಅಂದರೆ, ನಾನು ಮದುವೆಯಾಗಿ ಪುತ್ತೂರಿನಿಂದ ಇಲ್ಲಿಗೆ ಬಂದದ್ದು 2004ರಲ್ಲಿ. 2002ರ ಪಟ್ಟಿಯಲ್ಲಿ ನಾನಿದ್ದದ್ದು ಕರ್ನಾಟಕದಲ್ಲಿ, ಅಪ್ಪನ ಮನೆ ವಿಳಾಸದಲ್ಲಿ. ಬೇರೆ ರಾಜ್ಯದ ಪಟ್ಟಿಯೂ ಆಗ್ತದೆ ಅಂತ ಗೊತ್ತಾದ ಮೇಲೆ ರಾತ್ರಿ ಹನ್ನೆರಡರವರೆಗೆ ಪಿಡಿಎಫ್ ತೆರೆದು ಕೂತೆ. ನಮ್ಮ ಬೂತ್ ಯಾವುದು ಅಂತ ಅಪ್ಪನಿಗೇ ನೆನಪಿಲ್ಲ. ಐದನೇ ಫೈಲಿನಲ್ಲಿ ಸಿಕ್ಕಿತು. ಅಜ್ಜಿ, ಅಪ್ಪ, ಅಮ್ಮ, ನಾನು, ಸಾಲಾಗಿ. ಅಜ್ಜಿ ತೀರಿಹೋಗಿ ಹದಿನೈದು ವರ್ಷ ಆಯ್ತು. ಅವರ ಹೆಸರು ಅಲ್ಲಿ ನೋಡಿ ಸ್ವಲ್ಪ ಹೊತ್ತು ಹಾಗೆಯೇ ಕೂತುಬಿಟ್ಟೆ.

ನನಗೆ ಕಂಪ್ಯೂಟರ್ ಬರ್ತದೆ, ಹುಡುಕಿದೆ. ನಮ್ಮ ತೋಟಕ್ಕೆ ಬರುವ ಹೆಂಗಸು ಗಂಡನ ಮನೆ ಬಿಟ್ಟು ಬಂದವಳು, ತಂದೆ ತಾಯಿ ಇಲ್ಲ. ಅವಳದ್ದು ಹುಡುಕಿ ಕೊಡಲಿಕ್ಕೆ ನನಗೆ ಎರಡು ದಿನ ಬೇಕಾಯ್ತು.

ಮಲ್ನಾಡ್_ಕಾಫಿ:

ಓದಿದೆ. ಆದ್ರೂ ಒಂದು ಮಾತು. ಬಿಹಾರದ ಎಸ್‌ಐಆರ್‌ನಲ್ಲಿ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟರಲ್ಲ, ಅದರಲ್ಲಿ 22 ಲಕ್ಷ ತೀರಿಕೊಂಡವರು, 7 ಲಕ್ಷ ಎರಡೆರಡು ಕಡೆ ಇದ್ದ ಹೆಸರು ಅಂತ ಆಯೋಗ ಹೇಳಿತು. ಅಂದ್ರೆ ಕಸ ಇತ್ತು ತಾನೆ? ಯಾವತ್ತಾದ್ರೂ ಗುಡಿಸಲೇಬೇಕಲ್ವಾ?

ಧಾರವಾಡ_ವಕೀಲೆ:

ಗುಡಿಸಬೇಕು, ಅದರಾಗ ಎರಡು ಮಾತಿಲ್ಲ. ಉಳಿದ 36 ಲಕ್ಷ ‘ಊರಲ್ಲಿಲ್ಲ, ಸಿಗಲಿಲ್ಲ’ ಅನ್ನೋ ಲೆಕ್ಕ. ಕಲಬುರಗಿಯವರು ಹೇಳಿದ ಗುಳೆ ನೆನಪು ಮಾಡ್ಕೊಳ್ರಿ. 2025ರ ಜೂನ್ 24ಕ್ಕ ಆದೇಶ, ಆಗಸ್ಟ್ 1ಕ್ಕ ಕರಡು, ನಡುವ ಮಳೆಗಾಲ. ಯಾರ ಹೆಸರು ಯಾಕ ಬಿಟ್ರಿ ಅಂತ ಮೊದಲು ಪ್ರಕಟಿಸಿರಲಿಲ್ಲ. ಆಗಸ್ಟ್ 14ಕ್ಕ ಕೋರ್ಟ್ ಹೇಳಿದ ಮ್ಯಾಲ ಕಾರಣದ ಸಮೇತ ಹಾಕಿದ್ರು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿ, ಕರಡಿನಾಗ 7.24 ಕೋಟಿ ಇತ್ತು. ನನ್ನ ತಕರಾರು ಗುಡಿಸೋದರ ಮ್ಯಾಲಲ್ಲ, ಅವಸರದ ಮ್ಯಾಲ.

ಅಸ್ಸಾಂ ನೋಡ್ರಿ. 1997ರಾಗ ಪಟ್ಟಿಯಲ್ಲಿ ಕೆಲವರ ಹೆಸರಿನ ಮುಂದ ‘ಡಿ’ ಅಂತ ಬರೆದ್ರು, ಸಂಶಯಾಸ್ಪದ ಅಂತ. ಟ್ರಿಬ್ಯುನಲ್ ತೀರ್ಪು ಬರೋತನಕ ಅವರಿಗೆ ಓಟಿಲ್ಲ. ಕೆಲವರಿಗೆ ಆ ಒಂದು ಅಕ್ಷರ ಅಳಿಸಿಕೊಳ್ಳಲಿಕ್ಕೆ ಇಪ್ಪತ್ತು ವರ್ಷ ಹೋಗ್ಯಾವ.

ಮಲ್ನಾಡ್_ಕಾಫಿ:

ಅವಸರದ ವಿಷಯ ಒಪ್ತೀನಿ. ಪರೀಕ್ಷೆ ಬೇಕು ಅನ್ನೋದನ್ನ ಬಿಡಲ್ಲ. ಚಿಕ್ಕಪ್ಪನ ಹೆಸರು ತೆಗೆಯೋಕೆ ಫಾರಂ 7 ನಾನೇ ಹಾಕ್ತೀನಿ ಈ ವಾರ.

ಹೊಸಕೋಟೆ_ಹುಡುಗ:

ಮೇಷ್ಟ್ರೇ, ಸಿಕ್ತು! ಅಮ್ಮನ ಹೆಸರಿನ ಮುಂದೆ ‘ಎಸ್’ ಇದೆ. ಬೇರೆ ಕಡೆ ಹೋದವರು.

ಲೆಕ್ಕ ಹಾಕಿದ್ರೆ 2023ರಲ್ಲಿ ನಮ್ಮಕ್ಕನ ಬಾಣಂತನಕ್ಕೆ ಅಮ್ಮ ದಾವಣಗೆರೆಗೆ ಹೋಗಿದ್ರು, ಐದು ತಿಂಗಳು. ನಾನು ಬೆಂಗಳೂರಲ್ಲಿ ರೂಮ್ ಮಾಡ್ಕೊಂಡಿದ್ದೆ. ಮನೆಗೆ ಬೀಗ. ಆಗ ಯಾರೋ ಬಂದು ನೋಡಿ ಬರ್ಕೊಂಡು ಹೋಗಿರ್ಬೇಕು. ನೋಟಿಸ್ ಬಂದಿದ್ರೂ ಬಾಗಿಲ ಸಂದಿಯಲ್ಲೇ ಉಳಿದಿರತ್ತೆ.

ಧಾರವಾಡ_ವಕೀಲೆ:

ಬಾಣಂತನಕ್ಕ ಹೋದ್ರ ವಾಸಸ್ಥಳ ಬದಲಾಗೋದಿಲ್ಲ! 1950ರ ಕಾಯ್ದೆ, ಕಲಂ 20ರ ಉಪಕಲಂ 1ಎ. ತಾತ್ಕಾಲಿಕವಾಗಿ ಮನಿ ಬಿಟ್ಟು ಹೋದ ಮಾತ್ರಕ್ಕ ಅಲ್ಲಿನ ವಾಸಿ ಅಲ್ಲ ಅಂತ ಆಗೋದಿಲ್ಲ. ಈಗ ಫಾರಂ 6 ಹಾಕ್ರಿ.

ಪೌರತ್ವದ ಬಗ್ಗೆ ಕೇಳಿದ್ರಿ. ನಿಮ್ಮ ತಾಯಿ 1987ರ ಜುಲೈ 1ಕ್ಕಿಂತ ಮೊದಲು ಇಲ್ಲೇ ಹುಟ್ಟಿದವರು, ಹುಟ್ಟಿನಿಂದಲೇ ಪ್ರಜೆ. ಎಸ್‌ಐಆರ್ ಬಂದ್ರೂ ಅವರದ್ದೊಂದೇ ದಾಖಲೆ ಸಾಕು. ಆ ದಿನದಿಂದ 2004ರ ಡಿಸೆಂಬರ್ 2ರ ನಡುವ ಹುಟ್ಟಿದವರಾದ್ರ ತಂದೆ-ತಾಯಿಯಲ್ಲಿ ಒಬ್ಬರದ್ದೂ ಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರದ್ದೂ. ಬಿಹಾರದಾಗ ಕೇಳಿದ ಪಟ್ಟಿಯಲ್ಲಿ ಒಂದು ಸಾಲು ಅದ, ಯಾರೂ ಗಮನಿಸೋದಿಲ್ಲ: 1987ರ ಜುಲೈ 1ರ ಮೊದಲು ಸರ್ಕಾರ, ಬ್ಯಾಂಕು, ಅಂಚೆ ಕಚೇರಿ, ಎಲ್‌ಐಸಿ ಕೊಟ್ಟ ಗುರುತಿನ ಕಾಗದ ಏನಿದ್ರೂ ನಡೀತದ. ಮನಿ ಡಬ್ಬಿಗಳೆಲ್ಲ ಒಮ್ಮೆ ಹುಡುಕ್ರಿ.

ಹೊಸಕೋಟೆ_ಹುಡುಗ:

ಮೂರು ವಾರ ಆದ್ಮೇಲೆ ಬರೀತಿದೀನಿ. ಫಾರಂ 6 ಹಾಕಿದ್ವಿ. ಫಾರಂನಲ್ಲಿ ‘ನಾನು ಭಾರತದ ಪ್ರಜೆ, ನನ್ನ ಜನ್ಮಸ್ಥಳ’ ಅಂತ ಬರೋ ಜಾಗದಲ್ಲಿ ಅಮ್ಮ ಪೆನ್ ಹಿಡ್ಕೊಂಡು ಕೇಳಿದ್ರು, ‘ಮಾಲೂರು ಅಂತ ಬರೀಲಾ, ನಮ್ಮ ಹಳ್ಳಿ ಹೆಸರೇ ಬರೀಲಾ?’ ಹಳ್ಳಿ ಹೆಸರೇ ಬರೆದ್ರು. ಬಿಎಲ್‌ಓ ಮನೆಗೆ ಬಂದಿದ್ರು, ಅಂಗನವಾಡಿ ಟೀಚರ್. ಅಮ್ಮನ ಮುಖ ನೋಡಿ ‘ಅಯ್ಯೋ, ನೀವಾ, ಆವತ್ತು ವಾಪಸ್ ಹೋಗಿದ್ದು’ ಅಂದ್ರು. ಕಾಫಿ ಕುಡಿದು ಹೋದ್ರು. ಇವತ್ತು ಪಟ್ಟಿಯಲ್ಲಿ ಹೆಸರು ಕಾಣ್ತಿದೆ.

ವಕೀಲೆ ಮೇಡಂ, ಡಬ್ಬಿ ಹುಡುಕಿದೆ. 1985ರ ಪೋಸ್ಟಾಫೀಸ್ ಪಾಸ್‌ಬುಕ್ ಸಿಕ್ತು, ಅಮ್ಮನ ಮದುವೆಗೆ ಮುಂಚಿನದ್ದು, ತಾತನ ಹೆಸರಿನ ಜತೆ. ಕೊನೆಯಲ್ಲಿ ಉಳಿದಿರೋ ಹಣ 11 ರೂಪಾಯಿ. ಅದನ್ನ ತೆಗೆಯೋಕೆ ಆಗುತ್ತಾ ಅಂತ ಅಮ್ಮ ಕೇಳ್ತಿದ್ದಾರೆ.

ಶಿರಸಿ_ಮೇಷ್ಟ್ರು:

ತೆಗೆಯಬೇಡಿ ಅನ್ನಿ, ಪಾಸ್‌ಬುಕ್ ವಾಪಸ್ ತೆಗೆದುಕೊಂಡುಬಿಟ್ಟಾರು. ಮತ್ತೆ, ಅಕ್ಕನ ಎರಡನೇ ಬಾಣಂತನಕ್ಕೆ ಹೊರಡುವ ಮೊದಲು ಆ ಅಂಗನವಾಡಿ ಟೀಚರಿಗೆ ಒಂದು ಮಾತು ಹೇಳಿ ಹೋಗಲಿ.